ಡಿಎನ್‌ಎ ಹಿಡಿದು ಕತ್ತರಿಸುವ ಫ್ಯೂಷನ್ ಪ್ರೋಟೀನ್: ಕಾಗದದಿಂದ ಜೀವಕೋಶದವರೆಗೆ

ಎರಡು ಬೇರೆ ಬೇರೆ ಪ್ರೋಟೀನ್‌ಗಳ ತುಂಡುಗಳನ್ನು ಒಂದೇ ಜೀನಿನಲ್ಲಿ ಸಾಲಾಗಿ ಬರೆದರೆ, ಜೀವಕೋಶ ಅವನ್ನು ಒಂದೇ ಸರಪಳಿಯಾಗಿ ತಯಾರಿಸಿ ಕೊಡುತ್ತದೆ. ಇದನ್ನೇ ಫ್ಯೂಷನ್ ಪ್ರೋಟೀನ್ ಎನ್ನುತ್ತೇವೆ. ಇಲ್ಲಿ ನಮಗೆ ಬೇಕಾದ ಪ್ರೋಟೀನಿಗೆ ಎರಡು ಕೆಲಸಗಳಿವೆ. ಒಂದು ಭಾಗ ಡಿಎನ್‌ಎ ಮೇಲೆ ನಾವು ಹೇಳಿದ ಜಾಗವನ್ನು ಹುಡುಕಿ ಹಿಡಿಯಬೇಕು. ಇನ್ನೊಂದು ಭಾಗ ಅದರ ಪಕ್ಕದಲ್ಲೇ ಕತ್ತರಿಸಬೇಕು.

ಎರಡು ತುಂಡುಗಳನ್ನು ಜೋಡಿಸುವುದು ಇವತ್ತು ದೊಡ್ಡ ಕೆಲಸವೇನಲ್ಲ. ಹೇಳಿದ ಜಾಗ ಬಿಟ್ಟು ಬೇರೆಲ್ಲೂ ಕತ್ತರಿಸದ ಹಾಗೆ ನೋಡಿಕೊಳ್ಳುವುದೇ ನಿಜವಾದ ಕಷ್ಟ. ಅದು ಬಹುಪಾಲು ಪೈಪೆಟ್ ಹಿಡಿಯುವ ಮುಂಚೆಯೇ ತೀರ್ಮಾನವಾಗುತ್ತದೆ. ಅದಕ್ಕೇ ವಿನ್ಯಾಸದ ಹಂತಗಳನ್ನು ಇಲ್ಲಿ ನಿಧಾನವಾಗಿ ಹೇಳಿದ್ದೇನೆ. ಪ್ಲಾಸ್ಮಿಡ್, ಪಿಸಿಆರ್, ಜೆಲ್ ಇವುಗಳ ಪರಿಚಯ ನಿಮಗಿದೆ ಎಂದುಕೊಂಡಿದ್ದೇನೆ. ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯನ್ನು ಮೊದಲೇ ಪಡೆದಿರಿ.

ಹಂತ 1: ಇದು ನಿಮಗೆ ಬೇಕಾ?

ಕೋಶಕೇಂದ್ರದ ಒಂದು ಜೀನನ್ನು ಕೆಡಿಸಬೇಕು, ಅಷ್ಟೇ ಎಂದಾದರೆ ಕ್ರಿಸ್ಪರ್ ಸಾಕು. ಅಲ್ಲಿ ಜಾಗ ಬದಲಾದರೆ ಜಾಗ ತೋರಿಸುವ ಒಂದು ಪುಟ್ಟ ಆರ್‌ಎನ್‌ಎ (ಗೈಡ್ ಆರ್‌ಎನ್‌ಎ) ಮಾತ್ರ ಬದಲಾಯಿಸುತ್ತೀರಿ. ಇಲ್ಲಿ ಪ್ರತಿ ಜಾಗಕ್ಕೂ ಹೊಸ ಪ್ರೋಟೀನನ್ನೇ ಕಟ್ಟಬೇಕು.

ಆದರೂ ಫ್ಯೂಷನ್ ಪ್ರೋಟೀನ್‌ಗಳು ಗೆಲ್ಲುವ ಜಾಗಗಳಿವೆ. ಮೈಟೊಕಾಂಡ್ರಿಯಾದ ಡಿಎನ್‌ಎ ಮುಖ್ಯ ಉದಾಹರಣೆ. ಅದರೊಳಗೆ ಗೈಡ್ ಆರ್‌ಎನ್‌ಎ ಸಾಗಿಸುವುದು ಬಹಳ ಕಷ್ಟ. ಪ್ರೋಟೀನಿಗಾದರೆ ಮುಂದುಗಡೆ ಒಂದು ವಿಳಾಸದ ತುಣುಕು ಅಂಟಿಸಿದರೆ ಸಾಕು, ಒಳಗೆ ಹೋಗುತ್ತದೆ. ಗಾತ್ರ ಇನ್ನೊಂದು ಕಾರಣ. ಜೀನನ್ನು ಕೋಶಕ್ಕೆ ಒಯ್ಯಲು ಬಳಸುವ ಎಎವಿ ವೈರಸ್ಸಿನಲ್ಲಿ ಸುಮಾರು 4.7 ಕಿಲೋಬೇಸ್ ಡಿಎನ್‌ಎ ಹಿಡಿಯುತ್ತದೆ. ಜಿಂಕ್ ಫಿಂಗರ್ ನ್ಯೂಕ್ಲಿಯೇಸ್‌ನ (ಜೋಡಿಯಾಗಿ ಕೆಲಸ ಮಾಡುವ ಇಂಥ ಪ್ರೋಟೀನ್‌ಗಳ ಒಂದು ಬಗೆ) ಒಂದು ಭಾಗಕ್ಕೆ ಬೇಕಾಗುವುದು ಸುಮಾರು 1 ಕಿಲೋಬೇಸ್. ಜೋಡಿಯೇ ಅದರಲ್ಲಿ ಆರಾಮಾಗಿ ಕೂರುತ್ತದೆ. ಚಿಕಿತ್ಸೆಯಲ್ಲೂ ಇವುಗಳಿಗೆ ಹೆಸರಿದೆ. 2015ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಇದ್ದ ಒಂದು ಮಗುವಿಗೆ ಟ್ಯಾಲೆನ್ ಎಂಬ ಇನ್ನೊಂದು ಬಗೆಯ ಫ್ಯೂಷನ್ ಪ್ರೋಟೀನಿನಿಂದ ತಿದ್ದಿದ ದಾನಿಯ ಟಿ-ಕೋಶಗಳನ್ನು ಕೊಟ್ಟರು.

ಹಂತ 2: ಕತ್ತರಿಸುವ ಭಾಗವನ್ನು ಅರ್ಥಮಾಡಿಕೊಳ್ಳಿ

ಹೆಚ್ಚಿನವರು ಬಳಸುವುದು ಫೋಕ್-ಒನ್ ಎಂಬ ಕಿಣ್ವದ ತುಂಡು. ಫ್ಲೇವೋಬ್ಯಾಕ್ಟೀರಿಯಂ ಒಕಿಯಾನೋಕೊಯ್ಟಿಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದ ಕಿಣ್ವ ಇದು. ಇದರ ಗುಣ ವಿಶೇಷವಾದದ್ದು. ಜಿ-ಜಿ-ಎ-ಟಿ-ಜಿ ಎಂಬ ಐದು ಅಕ್ಷರಗಳನ್ನು ಗುರುತಿಸುತ್ತದೆ, ಆದರೆ ಅಲ್ಲಿ ಕತ್ತರಿಸುವುದಿಲ್ಲ. ಒಂದು ಎಳೆಯಲ್ಲಿ 9 ಅಕ್ಷರ, ಇನ್ನೊಂದರಲ್ಲಿ 13 ಅಕ್ಷರ ಮುಂದೆ ಹೋಗಿ ಕತ್ತರಿಸುತ್ತದೆ.

ಹಿಡಿಯುವ ಜಾಗ ಒಂದು, ಕತ್ತರಿಸುವ ಜಾಗ ಇನ್ನೊಂದು ಎಂದರೆ ಎರಡೂ ಕೆಲಸಕ್ಕೆ ಬೇರೆ ಬೇರೆ ಭಾಗಗಳಿರಬೇಕು, ಅಲ್ವಾ? ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಶ್ರೀನಿವಾಸನ್ ಚಂದ್ರಸೇಗರನ್ ಅವರ ತಂಡ 1992ರಲ್ಲಿ ಅದನ್ನೇ ತೋರಿಸಿತು. ಟ್ರಿಪ್ಸಿನ್ ಹಾಕಿ ಫೋಕ್-ಒನ್ ಒಡೆದಾಗ, ಡಿಎನ್‌ಎ ಹಿಡಿಯುವ ತುಂಡು ಮತ್ತು ಕತ್ತರಿಸುವ ತುಂಡು ಬೇರೆಯಾಗಿ ಸಿಕ್ಕವು. ಕತ್ತರಿಸುವ ತುಂಡಿಗೆ ಸ್ವಂತ ಆಯ್ಕೆಯೇ ಇರಲಿಲ್ಲ. 1996ರಲ್ಲಿ ಅದೇ ತಂಡ ಆ ತುಂಡನ್ನು ಜಿಂಕ್ ಫಿಂಗರ್‌ಗೆ ಜೋಡಿಸಿತು. ನಾವು ಇವತ್ತು ಮಾಡುವುದೆಲ್ಲ ಅಲ್ಲಿಂದ ಬಂದದ್ದು.

ನಿಮಗೆ ಬೇಕಾದ ತುಂಡು ಫೋಕ್-ಒನ್‌ನ 384ನೇ ಅಮೈನೊ ಆಮ್ಲದಿಂದ 579ರವರೆಗೆ, ಒಟ್ಟು 196. ಲೇಖನಗಳಲ್ಲಿ ಮ್ಯುಟೇಷನ್‌ಗಳ ಸಂಖ್ಯೆ ಯಾವಾಗಲೂ ಇಡೀ ಕಿಣ್ವದ ಲೆಕ್ಕದಲ್ಲಿರುತ್ತದೆ. ನಿಮ್ಮ ತುಂಡಿನಲ್ಲಿ ಎಣಿಸುವಾಗ 383 ಕಳೆಯಿರಿ. ಕತ್ತರಿಸಲು ಅತ್ಯಗತ್ಯವಾದ 450ನೇ ಆಸ್ಪಾರ್ಟಿಕ್ ಆಮ್ಲ ನಿಮ್ಮ ತುಂಡಿನಲ್ಲಿ 67ನೆಯದಾಗಿ ಸಿಗಬೇಕು. ಸಿಗದಿದ್ದರೆ ಅನುಕ್ರಮ ಎಲ್ಲೋ ಜಾರಿದೆ. ಪ್ರೈಮರ್ ಆರ್ಡರ್ ಮಾಡುವ ಮುಂಚೆ ಇದನ್ನು ನೋಡಿಬಿಡಿ.

ಇಡೀ ವಿನ್ಯಾಸದ ಕೇಂದ್ರ ಇನ್ನೊಂದು ಗುಣದಲ್ಲಿದೆ. ಫೋಕ್-ಒನ್ ತುಂಡು ಒಂಟಿಯಾಗಿ ಎರಡೂ ಎಳೆ ಕತ್ತರಿಸಲಾರದು. ಎರಡು ತುಂಡುಗಳು ಎದುರುಬದುರಾಗಿ ಕೂಡಿದಾಗ ಮಾತ್ರ, ಕತ್ತರಿಯ ಎರಡು ಅಲಗುಗಳ ಹಾಗೆ, ತಲಾ ಒಂದೊಂದು ಎಳೆಯನ್ನು ಕತ್ತರಿಸುತ್ತವೆ. ಇದು 1998ರಲ್ಲಿ ಗೊತ್ತಾಯಿತು. ಆದ್ದರಿಂದ ನೀವು ಕಟ್ಟಬೇಕಾದದ್ದು ಎರಡು ಪ್ರೋಟೀನ್. ಒಂದು ಎಡಕ್ಕೆ, ಒಂದು ಬಲಕ್ಕೆ. ಖರ್ಚು ಎರಡರಷ್ಟಾಯಿತಲ್ಲ ಎಂದು ಬೇಸರ ಬೇಡ. ನಿಮ್ಮ ದೊಡ್ಡ ರಕ್ಷಣೆಯೇ ಇದು.

ಲೆಕ್ಕ ಹಾಕಿ ನೋಡಿ. 9 ಅಕ್ಷರದ ಒಂದು ಗುರುತು ಸರಾಸರಿ 2,62,144 ಅಕ್ಷರಗಳಿಗೊಮ್ಮೆ ಆಕಸ್ಮಿಕವಾಗಿ ಬರುತ್ತದೆ. ಮನುಷ್ಯನ ಜೀನೋಮ್ ಸುಮಾರು 300 ಕೋಟಿ ಅಕ್ಷರ. ಅಂದರೆ ಸಾವಿರಾರು ಕಡೆ ಆ ಗುರುತು ಇರುತ್ತದೆ. ಎರಡು ಗುರುತು ಸರಿಯಾದ ಅಂತರದಲ್ಲಿ ಎದುರುಬದುರಾಗಿ ಬೇಕು ಎಂದರೆ 18 ಅಕ್ಷರವಾಯಿತು. ಅದು ಸುಮಾರು 6,870 ಕೋಟಿಗೊಮ್ಮೆ ಬರುವಂಥದ್ದು. ಕಾಗದದ ಮೇಲಾದರೂ ಒಂದೇ ಜಾಗ.

ಹಂತ 3: ಹಿಡಿಯುವ ಭಾಗ ಯಾವುದು?

ಜಿಂಕ್ ಫಿಂಗರ್ ಹಳೆಯದು. ಒಂದು ಫಿಂಗರ್‌ನಲ್ಲಿ ಸುಮಾರು 30 ಅಮೈನೊ ಆಮ್ಲ. ಎರಡು ಸಿಸ್ಟೀನ್, ಎರಡು ಹಿಸ್ಟಿಡಿನ್ ಸೇರಿ ಒಂದು ಸತುವಿನ ಅಯಾನನ್ನು ಹಿಡಿದುಕೊಳ್ಳುತ್ತವೆ. ಒಂದು ಫಿಂಗರ್ ಡಿಎನ್‌ಎಯ ಸುಮಾರು ಮೂರು ಅಕ್ಷರ ಓದುತ್ತದೆ. ಓದುವುದು ಅದರ ಸುರುಳಿ ಭಾಗದ (ಹೀಲಿಕ್ಸ್) -1, 2, 3, 6ನೇ ಸ್ಥಾನಗಳು. ಮೂರರಿಂದ ಆರು ಫಿಂಗರ್‌ಗಳನ್ನು ಪೋಣಿಸಿದರೆ 9ರಿಂದ 18 ಅಕ್ಷರ ಓದಬಹುದು. ಕೇಳಲು ಸುಲಭವಾಗಿದೆ. ಆದರೆ 2ನೇ ಸ್ಥಾನ ಪಕ್ಕದ ಫಿಂಗರ್‌ನ ಜಾಗಕ್ಕೂ ಕೈ ಹಾಕುತ್ತದೆ. ಹಾಗಾಗಿ ಒಂಟಿಯಾಗಿ ಚೆನ್ನಾಗಿದ್ದ ಫಿಂಗರ್ ಇನ್ನೊಂದರ ಪಕ್ಕ ಕೂತಾಗ ಕೈಕೊಡಬಹುದು. ಪಟ್ಟಿಯಿಂದ ಫಿಂಗರ್‌ಗಳನ್ನು ಆರಿಸಿ ಸುಮ್ನೆ ಪೋಣಿಸಿದ ಎಷ್ಟೋ ವಿನ್ಯಾಸಗಳು ಕೆಲಸ ಮಾಡಿಲ್ಲ. ಪಕ್ಕಪಕ್ಕದಲ್ಲಿ ಒಟ್ಟಿಗೆ ಪರೀಕ್ಷೆಯಾದ ಜೋಡಿ ಫಿಂಗರ್‌ಗಳನ್ನೇ ಬಳಸಿ.

ಟೇಲ್ ಪ್ರೋಟೀನ್‌ಗಳು ಸಸ್ಯಗಳಿಗೆ ರೋಗ ತರುವ ಜ್ಯಾಂತೊಮೊನಾಸ್ ಬ್ಯಾಕ್ಟೀರಿಯಾದವು. ಇವಕ್ಕೆ ಫೋಕ್-ಒನ್ ಜೋಡಿಸಿದ್ದೇ ಟ್ಯಾಲೆನ್. ಇವುಗಳಲ್ಲಿ ಸುಮಾರು 34 ಅಮೈನೊ ಆಮ್ಲದ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ. ಎಲ್ಲ ತುಣುಕುಗಳೂ ಹೆಚ್ಚು ಕಡಿಮೆ ಒಂದೇ ಥರ. ಮುಖ್ಯವಾಗಿ ಬದಲಾಗುವುದು 12 ಮತ್ತು 13ನೇ ಸ್ಥಾನ. ಆ ಜೋಡಿಗೆ ಆರ್‌ವಿಡಿ ಎನ್ನುತ್ತಾರೆ. ಒಂದು ಆರ್‌ವಿಡಿ, ಡಿಎನ್‌ಎಯ ಒಂದು ಅಕ್ಷರ. 2009ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಈ ಸಂಕೇತವನ್ನು ಬಿಡಿಸಿದವು. ಎನ್‌ಐ ಎಂದರೆ ಎ. ಎಚ್‌ಡಿ ಎಂದರೆ ಸಿ. ಎನ್‌ಜಿ ಎಂದರೆ ಟಿ. ಎನ್‌ಎನ್ ಎಂದರೆ ಜಿ, ಆದರೆ ಅದು ಎ ಅಕ್ಷರವನ್ನೂ ಸ್ವಲ್ಪ ಹಿಡಿಯುತ್ತದೆ. ಉದಾಹರಣೆಗೆ ಎ-ಸಿ-ಟಿ-ಜಿ ಹಿಡಿಯಬೇಕಾದರೆ ಎನ್‌ಐ, ಎಚ್‌ಡಿ, ಎನ್‌ಜಿ, ಎನ್‌ಎನ್ ಎಂದು ಸಾಲಾಗಿ ಇಡುತ್ತೀರಿ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಟೇಲ್. ಗಾತ್ರ ದೊಡ್ಡದು, ಒಂದು ಭಾಗಕ್ಕೇ ಸುಮಾರು 3 ಕಿಲೋಬೇಸ್. ಆದರೆ ವಿನ್ಯಾಸದ ಫಲ ಮೊದಲೇ ಊಹಿಸಬಹುದು. ವೈರಸ್ಸಿನಲ್ಲಿ ಕಳಿಸಲೇಬೇಕು ಎನ್ನುವ ಒತ್ತಡ ಇದ್ದರೆ ಮಾತ್ರ ಜಿಂಕ್ ಫಿಂಗರ್ ಕಡೆ ಹೋಗಿ. ಇನ್ನೊಂದು ದಾರಿಯೂ ಇದೆ. ಕ್ರಿಸ್ಪರ್‌ನಲ್ಲಿ ಬಳಸುವ ಕ್ಯಾಸ್9 ಪ್ರೋಟೀನಿನ ಕತ್ತರಿಸುವ ಶಕ್ತಿ ತೆಗೆದು ಅದಕ್ಕೆ ಫೋಕ್-ಒನ್ ಜೋಡಿಸಬಹುದು. 2014ರಲ್ಲಿ ಎರಡು ತಂಡಗಳು ಇದನ್ನು ಮಾಡಿ ತೋರಿಸಿದವು. ಅಲ್ಲಿ ಎರಡು ಗೈಡ್‌ಗಳು ಎದುರುಬದುರಾಗಿ ಕೂರಬೇಕು, ಜೋಡಿ ಇಲ್ಲದೆ ಕತ್ತರಿಸುವುದಿಲ್ಲ.

ಹಂತ 4: ಜಾಗ ಆರಿಸುವುದು

ಅವಸರ ಮಾಡಬಾರದ ಹಂತ ಇದು. ಒಂದು ಹಾಳೆಯ ಮೇಲೆ ಗುರಿಯ ಸುತ್ತಲಿನ ಸುಮಾರು 100 ಅಕ್ಷರಗಳನ್ನು, ಎರಡೂ ಎಳೆ ಕಾಣುವಂತೆ ಬರೆದುಕೊಳ್ಳಿ. ತಂತ್ರಾಂಶ ಇದ್ದರೂ ಕೈಯಲ್ಲಿ ಒಮ್ಮೆ ಬರೆಯಿರಿ. ದಿಕ್ಕಿನ ತಪ್ಪು ಕಣ್ಣಿಗೆ ಬೀಳುವುದು ಆಗಲೇ.

ಆ ಜಾಗವನ್ನು ನೀವು ಬಳಸುವ ಕೋಶಗಳಲ್ಲೇ ಸೀಕ್ವೆನ್ಸ್ ಮಾಡಿಸಿ. ಡೇಟಾಬೇಸ್‌ನಲ್ಲಿರುವ ಅನುಕ್ರಮಕ್ಕೂ ನಿಮ್ಮ ಕೋಶಕ್ಕೂ ಒಂದು ಅಕ್ಷರದ ವ್ಯತ್ಯಾಸ ಇದ್ದರೆ ಎಲ್ಲ ಶ್ರಮವೂ ಆ ಒಂದು ಅಕ್ಷರಕ್ಕೆ ಬಲಿಯಾಗುತ್ತದೆ.

ಈಗ ದಿಕ್ಕು. ಪ್ರೋಟೀನ್ ಸರಪಳಿಯ ಆರಂಭ ಎನ್-ತುದಿ, ಕೊನೆ ಸಿ-ತುದಿ. ಡಿಎನ್‌ಎ ಎಳೆಯ ಆರಂಭ 5', ಕೊನೆ 3'. ಟೇಲ್ ಪ್ರೋಟೀನಿನ ಎನ್-ತುದಿ ಡಿಎನ್‌ಎ ಗುರುತಿನ 5' ಕಡೆ ಕೂರುತ್ತದೆ, ಸಿ-ತುದಿ 3' ಕಡೆ. ಫೋಕ್-ಒನ್ ಸಿ-ತುದಿಗೆ ಅಂಟಿರುತ್ತದೆ. ಗುರುತಿಗೆ ತಾಗಿಕೊಂಡೇ, ಅದರ ಮುಂಚೆ ಒಂದು ಟಿ ಇರಬೇಕು. ಆದ್ದರಿಂದ ಮೇಲಿನ ಎಳೆಯಲ್ಲಿ ಓದಿದಾಗ ಇಡೀ ಜಾಗ ಹೀಗೆ ಕಾಣಬೇಕು: ಮೊದಲು ಟಿ, ಆಮೇಲೆ ಎಡ ಗುರುತಿನ 15ರಿಂದ 20 ಅಕ್ಷರ, ನಡುವೆ ಖಾಲಿ ಅಂತರ, ಆಮೇಲೆ ಬಲ ಗುರುತಿನ 15ರಿಂದ 20 ಅಕ್ಷರ, ಕೊನೆಗೆ ಎ. ಬಲಗಡೆಯ ಪ್ರೋಟೀನ್ ಕೆಳಗಿನ ಎಳೆಯನ್ನು ಓದುತ್ತದೆ. ಅದಕ್ಕೆ ಆರ್‌ವಿಡಿ ಬರೆಯುವಾಗ ಅನುಕ್ರಮವನ್ನು ತಿರುಗಿಸಿ, ಪೂರಕ ಅಕ್ಷರ ಹಾಕಿಕೊಳ್ಳಿ.

ಜಿಂಕ್ ಫಿಂಗರ್‌ನಲ್ಲಿ ಇದು ಪೂರ್ತಿ ಉಲ್ಟಾ. ಅದರ ಎನ್-ತುದಿಯ ಮೊದಲ ಫಿಂಗರ್ ಗುರುತಿನ 3' ಕಡೆಯ ಮೂರು ಅಕ್ಷರಗಳನ್ನು ಹಿಡಿಯುತ್ತದೆ. ಸಿ-ತುದಿಯಲ್ಲಿರುವ ಫೋಕ್-ಒನ್ 5' ಕಡೆಗೆ ಬರುತ್ತದೆ. ಹಾಗಾಗಿ ಇಲ್ಲಿ ಎಡ ಪ್ರೋಟೀನ್ ಕೆಳಗಿನ ಎಳೆಯನ್ನೂ ಬಲ ಪ್ರೋಟೀನ್ ಮೇಲಿನ ಎಳೆಯನ್ನೂ ಓದಬೇಕು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದವರು ಹಳೇ ದಿಕ್ಕಿನಲ್ಲೇ ಬರೆದುಬಿಟ್ಟರೆ ಎರಡೂ ಪ್ರೋಟೀನ್‌ಗಳು ಚೆನ್ನಾಗಿ ಹಿಡಿಯುತ್ತವೆ, ಆದರೆ ಫೋಕ್-ಒನ್ ತುಂಡುಗಳು ಬೆನ್ನು ತಿರುಗಿಸಿ ಕೂತಿರುತ್ತವೆ. ಏನೂ ಕತ್ತರಿಸುವುದಿಲ್ಲ.

ಅಂತರದ ವಿಷಯಕ್ಕೆ ಬಂದರೆ, ಚಿಕ್ಕ ಲಿಂಕರ್ (ಹಿಡಿಯುವ ಭಾಗಕ್ಕೂ ಫೋಕ್-ಒನ್‌ಗೂ ನಡುವಿನ ಕೊಂಡಿ) ಇರುವ ಜಿಂಕ್ ಫಿಂಗರ್‌ಗೆ 5 ಅಥವಾ 6 ಅಕ್ಷರ ಬೇಕು. ಟೇಲ್‌ಗೆ ಅದು ಸಿ-ತುದಿಯಲ್ಲಿ ಎಷ್ಟು ಉಳಿಸಿಕೊಂಡಿದ್ದೀರಿ ಎನ್ನುವುದರ ಮೇಲಿದೆ. 63 ಅಮೈನೊ ಆಮ್ಲ ಉಳಿಸಿದರೆ ಸುಮಾರು 12ರಿಂದ 20ರವರೆಗಿನ ಅಂತರ ನಡೆಯುತ್ತದೆ. 15ರ ಆಸುಪಾಸಿನಲ್ಲಿ ನಿಶ್ಚಿಂತೆ. 28 ಮಾತ್ರ ಉಳಿಸಿದರೆ 12–13ರ ಸುತ್ತಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಅಂತರ ಬಿಗಿಯಾದಷ್ಟೂ ಬೇರೆ ಕಡೆ ಕತ್ತರಿಸುವ ಅವಕಾಶ ಕಡಿಮೆ. ಆದರೆ ನಿಮಗೆ ಸಿಗುವ ಜಾಗಗಳೂ ಕಡಿಮೆಯಾಗುತ್ತವೆ.

ಆರ್‌ವಿಡಿಗಳ ಬಲವೂ ಒಂದೇ ಅಲ್ಲ. ಎಚ್‌ಡಿ ಮತ್ತು ಎನ್‌ಎನ್ ಗಟ್ಟಿಯಾಗಿ ಹಿಡಿಯುತ್ತವೆ. ಎನ್‌ಐ, ಎನ್‌ಜಿ ಸಡಿಲ. ಎ ಮತ್ತು ಟಿ ಉದ್ದಕ್ಕೂ ತುಂಬಿರುವ ಜಾಗವನ್ನು ಬಿಡಿ. ಸಿ ನಂತರ ಜಿ ಬರುವ ಕಡೆ ಸಿ ಮಿಥೈಲ್ ಆಗಿದ್ದರೆ (ಅದಕ್ಕೆ ಒಂದು ರಾಸಾಯನಿಕ ಗುರುತು ಅಂಟಿದ್ದರೆ) ಎಚ್‌ಡಿ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಪ್ಲಾಸ್ಮಿಡ್ ಮೇಲೆ ಚೆನ್ನಾಗಿ ಕತ್ತರಿಸಿದ ಟ್ಯಾಲೆನ್ ಕೋಶದೊಳಗೆ ಸುಮ್ಮನಾಗುವುದಕ್ಕೆ ಇದು ಒಂದು ಕಾರಣ. ಜಾಗ ಆರಿಸುವಾಗಲೇ ಅಂಥ ಜೋಡಿ ಇಲ್ಲದ ಕಡೆ ನೋಡಿ.

ಒಂದೇ ಜಾಗಕ್ಕೆ ಕಟ್ಟಿಬಿಡಬೇಡಿ. ಎರಡು ಮೂರು ಜಾಗಗಳಿಗೆ ಜೋಡಿಗಳನ್ನು ಮಾಡಿ.

ಹಂತ 5: ಸರಪಳಿಯ ನಕ್ಷೆ

ಎನ್-ತುದಿಯಿಂದ ಶುರುಮಾಡಿದರೆ ಕ್ರಮ ಹೀಗೆ: ಪತ್ತೆಗೆ ಒಂದು ಟ್ಯಾಗ್, ಕೋಶಕೇಂದ್ರಕ್ಕೆ ಒಯ್ಯುವ ಸಿಗ್ನಲ್, ಡಿಎನ್‌ಎ ಹಿಡಿಯುವ ಭಾಗ, ಲಿಂಕರ್, ಕೊನೆಯಲ್ಲಿ ಫೋಕ್-ಒನ್. ಎಡಕ್ಕೂ ಬಲಕ್ಕೂ ಬೇರೆ ಬೇರೆ ಟ್ಯಾಗ್ ಹಾಕಿ. ಒಂದು ಭಾಗ ಮಾತ್ರ ತಯಾರಾಗುತ್ತಿದೆಯಾ ಎನ್ನುವುದು ಪ್ರೋಟೀನ್ ಪತ್ತೆಮಾಡುವ ವೆಸ್ಟರ್ನ್ ಬ್ಲಾಟ್‌ನಲ್ಲಿ ತಕ್ಷಣ ಗೊತ್ತಾಗುತ್ತದೆ.

ಲಿಂಕರ್ ಉದ್ದವಾದಷ್ಟೂ ಒಳ್ಳೆಯದು ಎಂಬ ಭಾವನೆ ಹಲವರಲ್ಲಿದೆ. ಸ್ವತಂತ್ರವಾಗಿ ಮಡಚಿಕೊಳ್ಳಲಿ ಎಂದು ಗ್ಲೈಸಿನ್, ಸೀರಿನ್ ತುಂಬಿಸುತ್ತಾರೆ. ಹೊಳೆಯುವ ಪ್ರೋಟೀನ್ ಅಂಟಿಸುವಾಗ ಅದು ಸರಿ. ಇಲ್ಲಿ ಉದ್ದ ಲಿಂಕರ್ ಎಂದರೆ ಫೋಕ್-ಒನ್ ಎಲ್ಲೆಂದರಲ್ಲಿ ತಲುಪುತ್ತದೆ ಎಂದರ್ಥ. ಹಲವು ಅಂತರಗಳಲ್ಲಿ ಜೋಡಿ ಕೂಡುತ್ತದೆ, ಬೇಡದ ಕಡೆ ಕತ್ತರಿಸುತ್ತದೆ. ಚಿಕ್ಕದರಿಂದ ಶುರುಮಾಡಿ.

ಹಂತ 6: ಎಡಕ್ಕೆ ಬಲವೇ ಜೋಡಿಯಾಗಲಿ

ಮೂಲ ಫೋಕ್-ಒನ್ ತುಂಡಿಗೆ ಎಡ–ಬಲ ಎಂಬ ಭೇದ ಇಲ್ಲ. ಎಡದ ಎರಡು ಪ್ರೋಟೀನ್‌ಗಳು ಎಲ್ಲೋ ಎದುರಾದರೆ ಅಲ್ಲೂ ಕತ್ತರಿಸುತ್ತವೆ. ಆಗ ಎರಡು ಗುರುತಿನ ಲೆಕ್ಕವೇ ಅರ್ಧ ವ್ಯರ್ಥ. 2007ರಲ್ಲಿ ಎರಡು ತಂಡಗಳು ಇದಕ್ಕೆ ಪರಿಹಾರ ಕೊಟ್ಟವು. ಎರಡು ತುಂಡು ಕೂಡುವ ಮುಖದಲ್ಲಿ ಕೆಲವು ಅಮೈನೊ ಆಮ್ಲ ಬದಲಾಯಿಸಿ, ಎಡ ಎಡವನ್ನು ದೂರ ತಳ್ಳುವ ಹಾಗೆ, ಎಡ ಬಲವನ್ನು ಸೆಳೆಯುವ ಹಾಗೆ ಮಾಡಿದರು. ಆದರೆ ಕತ್ತರಿಸುವ ಶಕ್ತಿ ಸ್ವಲ್ಪ ಕುಗ್ಗಿತು. 2011ರಲ್ಲಿ ಬಂದ ಇಎಲ್‌ಡಿ–ಕೆಕೆಆರ್ ಜೋಡಿ ಆ ಕೊರತೆಯನ್ನೂ ತುಂಬಿತು. ಒಂದು ಭಾಗದಲ್ಲಿ 486, 496, 499ನೇ ಸ್ಥಾನಗಳು, ಇನ್ನೊಂದರಲ್ಲಿ 490, 537, 538ನೇ ಸ್ಥಾನಗಳು ಬದಲಾಗುತ್ತವೆ. ಮೊದಲ ದಿನದಿಂದಲೇ ಇದನ್ನು ಬಳಸಿ. ಮೂಲ ರೂಪ ಜಾಸ್ತಿ ಚುರುಕಾಗಿದೆ ಎಂದು ಅದರಿಂದ ಶುರುಮಾಡುವವರು ಆಮೇಲೆ ಎಲ್ಲವನ್ನೂ ಮತ್ತೆ ಅಳೆಯಬೇಕಾಗುತ್ತದೆ.

ಹಂತ 7: ಜೀನನ್ನು ಕಟ್ಟುವುದು

ಜಿಂಕ್ ಫಿಂಗರ್ ಜೀನ್ ಚಿಕ್ಕದು. ಕಂಪನಿಯಿಂದ ಸಂಶ್ಲೇಷಿಸಿ ತರಿಸಿಕೊಳ್ಳಿ. ಟೇಲ್‌ನಲ್ಲಿ ಒಂದೇ ತುಣುಕು ಹದಿನೈದಿಪ್ಪತ್ತು ಸಲ ಬರುವುದರಿಂದ ಸಂಶ್ಲೇಷಣೆಯೂ ಕಷ್ಟ, ಪಿಸಿಆರ್ ಕೂಡ ಕಷ್ಟ. ಅದಕ್ಕೆ ಗೋಲ್ಡನ್ ಗೇಟ್ ವಿಧಾನವೇ ಸರಿ. ಬಿಎಸ್‌ಎ-ಒನ್‌ನಂಥ ಕಿಣ್ವ ಗುರುತಿನ ಹೊರಗೆ ಕತ್ತರಿಸಿ, ಪ್ರತಿ ತುಣುಕಿಗೂ ಬೇರೆಯದೇ ನಾಲ್ಕು ಅಕ್ಷರದ ಅಂಟುತುದಿ ಕೊಡುತ್ತದೆ. ಎಲ್ಲ ತುಣುಕು, ಕಿಣ್ವ, ಲಿಗೇಸ್ ಒಂದೇ ಟ್ಯೂಬಿನಲ್ಲಿ ಹಾಕಿದರೆ ಸರಿಯಾದ ಕ್ರಮದಲ್ಲೇ ಸೇರಿಕೊಳ್ಳುತ್ತವೆ. ಗಮನಿಸಿ, ಫೋಕ್-ಒನ್ ಕೂಡ ಇದೇ ಗುಂಪಿನ ಕಿಣ್ವ. ಹೊಸ ಕತ್ತರಿಸುವ ಪ್ರೋಟೀನನ್ನು ಕಟ್ಟಲು ಅದರ ಬಂಧುವೇ ನೆರವಿಗೆ ಬರುತ್ತದೆ.

ಪ್ಲಾಸ್ಮಿಡ್ ಬೆಳೆಸಲು ರೆಕ್-ಎ ಇಲ್ಲದ ಇ. ಕೋಲಿ ತಳಿ ಬಳಸಿ. ಇಲ್ಲದಿದ್ದರೆ ಪುನರಾವರ್ತನೆಗಳ ನಡುವೆ ಮರುಜೋಡಣೆಯಾಗಿ ಕೆಲವು ತುಣುಕು ಬಿದ್ದುಹೋಗುತ್ತವೆ. ಪಿಸಿಆರ್ ಮಾಡಿದಾಗ ಏಣಿಯ ಥರ ಬ್ಯಾಂಡ್‌ಗಳು ಬಂದರೆ ಹೆದರಬೇಡಿ, ಪುನರಾವರ್ತನೆ ಇರುವಲ್ಲಿ ಅದು ಸಾಮಾನ್ಯ. ಎರಡೂ ಕಡೆಯಿಂದ ಸೀಕ್ವೆನ್ಸ್ ಮಾಡಿಸಿ, ಒಂದೊಂದೇ ಆರ್‌ವಿಡಿಯನ್ನು ಹಾಳೆಯ ಮೇಲಿನ ಅಕ್ಷರದ ಜೊತೆ ಹೋಲಿಸಿ.

ಹಂತ 8: ಟ್ಯೂಬಿನಲ್ಲಿ ಪರೀಕ್ಷೆ

ಶುದ್ಧ ಪ್ರೋಟೀನ್ ಬೇಕೇಬೇಕು ಎಂದೇನಿಲ್ಲ. ಕೋಶವಿಲ್ಲದೆ ಪ್ರೋಟೀನ್ ತಯಾರಿಸುವ ಕಿಟ್‌ನಲ್ಲಿ ಎಡ, ಬಲ ಎರಡನ್ನೂ ತಯಾರಿಸಿ, ಗುರಿಯಿರುವ ಡಿಎನ್‌ಎಯ ಜೊತೆ ಬೆರೆಸಿದರೆ ಮೊದಲ ಉತ್ತರ ಸಿಗುತ್ತದೆ. ಫೋಕ್-ಒನ್ ಕತ್ತರಿಸಲು ಮೆಗ್ನೀಸಿಯಂ ಬೇಕು. ಮೆಗ್ನೀಸಿಯಂ ಇಲ್ಲದಿದ್ದರೆ ಹಿಡಿಯುತ್ತದೆ, ಕತ್ತರಿಸುವುದಿಲ್ಲ. ಹಿಡಿತವನ್ನು ಮಾತ್ರ ಜೆಲ್ ಶಿಫ್ಟ್‌ನಲ್ಲಿ (ಪ್ರೋಟೀನ್ ಹಿಡಿದ ಡಿಎನ್‌ಎ ಜೆಲ್‌ನಲ್ಲಿ ನಿಧಾನವಾಗಿ ಓಡುವ ಪರೀಕ್ಷೆ) ನೋಡಲು ಇದು ಅನುಕೂಲ.

ಗುರಿಯನ್ನು ಸುರುಳಿ ಪ್ಲಾಸ್ಮಿಡ್‌ನಲ್ಲಿ ಇಟ್ಟರೆ ಇನ್ನೂ ಒಂದು ವಿಷಯ ತಿಳಿಯುತ್ತದೆ. ಒಂದೇ ಎಳೆ ಕತ್ತರಿಸಿದರೆ ಸಡಿಲವಾದ ಉಂಗುರ ಬರುತ್ತದೆ. ಎರಡೂ ಎಳೆ ಕತ್ತರಿಸಿದರೆ ನೇರ ಡಿಎನ್‌ಎ ಬರುತ್ತದೆ. ಜೆಲ್‌ನಲ್ಲಿ ಎರಡೂ ಬೇರೆ ಬೇರೆ ಕಡೆ ಓಡುತ್ತವೆ. ಸಡಿಲ ಉಂಗುರವೇ ಜಾಸ್ತಿ ಇದ್ದರೆ ಎರಡು ಭಾಗಗಳಲ್ಲಿ ಒಂದು ಕುಂಟುತ್ತಿದೆ ಎಂದು ಅನುಮಾನಿಸಿ.

ಹೋಲಿಕೆಯ ಟ್ಯೂಬ್‌ಗಳನ್ನು ಬಿಡಬೇಡಿ. ಎಡ ಮಾತ್ರ, ಬಲ ಮಾತ್ರ, ಗುರಿಯಿಲ್ಲದ ಪ್ಲಾಸ್ಮಿಡ್, ಮತ್ತು 450ನೇ ಆಸ್ಪಾರ್ಟಿಕ್ ಆಮ್ಲವನ್ನು ಅಲನಿನ್ ಮಾಡಿ ಕತ್ತರಿಸುವ ಶಕ್ತಿ ತೆಗೆದ ಜೋಡಿ. ಕೊನೆಯದು ಬಹಳ ಮುಖ್ಯ. ಆ ಟ್ಯೂಬಿನಲ್ಲೂ ಡಿಎನ್‌ಎ ತುಂಡಾದರೆ ಅದು ನಿಮ್ಮ ಪ್ರೋಟೀನಿನ ಕೆಲಸವಲ್ಲ, ಬೇರೆ ನ್ಯೂಕ್ಲಿಯೇಸ್ ಸೇರಿಕೊಂಡಿದೆ.

ಶುದ್ಧೀಕರಿಸಲೇಬೇಕು ಎಂದರೆ ಇ. ಕೋಲಿಯಲ್ಲಿ ಬಿಗಿಯಾದ ಪ್ರೊಮೋಟರ್ ಬಳಸಿ. ಸ್ವಲ್ಪ ಸೋರಿದರೂ ಈ ಪ್ರೋಟೀನ್ ಆ ಬ್ಯಾಕ್ಟೀರಿಯಾದ ಜೀನೋಮನ್ನೇ ಕತ್ತರಿಸುತ್ತದೆ. ತಾಪಮಾನ 18 ಡಿಗ್ರಿಯ ಆಸುಪಾಸಿಗೆ ಇಳಿಸಿ. ಜಿಂಕ್ ಫಿಂಗರ್ ಆದರೆ ಬೆಳೆಸುವ ದ್ರಾವಣಕ್ಕೆ ಸತುವಿನ ಲವಣ ಸೇರಿಸಿ. ಯಾವ ಬಫರ್‌ನಲ್ಲೂ ಇಡಿಟಿಎ ಬೇಡ. ಅದು ಫಿಂಗರ್‌ನಿಂದ ಸತು ಕಿತ್ತುಕೊಳ್ಳುತ್ತದೆ, ಫಿಂಗರ್ ಬಿಚ್ಚಿಹೋಗುತ್ತದೆ. ನಿಕಲ್ ಕಾಲಮ್ ಆದ ಮೇಲೆ ಹೆಪರಿನ್ ಕಾಲಮ್ ಹಾಕಿದರೆ ಅಂಟಿಕೊಂಡು ಬಂದ ಬ್ಯಾಕ್ಟೀರಿಯಾದ ಡಿಎನ್‌ಎಯೂ ದೂರವಾಗುತ್ತದೆ.

ಹಂತ 9: ಜೀವಕೋಶದಲ್ಲಿ

ಪ್ಲಾಸ್ಮಿಡ್‌ಗಿಂತ ಎಂ-ಆರ್‌ಎನ್‌ಎ ರೂಪದಲ್ಲಿ ಕೊಡುವುದು ಒಳ್ಳೆಯದು. ಕೆಲಸ ಮುಗಿದ ಮೇಲೆ ಪ್ರೋಟೀನ್ ಬೇಗ ಕರಗಿಹೋಗುತ್ತದೆ. ಹೊತ್ತು ಹೆಚ್ಚಾದಷ್ಟೂ ತಪ್ಪು ಜಾಗದಲ್ಲಿ ಕತ್ತರಿಸುವ ಸಂಭವ ಹೆಚ್ಚು. ಪ್ರಮಾಣವನ್ನು ಕಡಿಮೆಯಿಂದ ಶುರುಮಾಡಿ ಏರಿಸುತ್ತಾ ಹೋಗಿ, ಎಲ್ಲ ಪ್ರಮಾಣದಲ್ಲೂ ಎಷ್ಟು ಕೋಶ ಬದುಕಿವೆ ಎಂದು ಬರೆದಿಡಿ. ಕೆಲಸ ಕಡಿಮೆ ಕಂಡರೆ ಕೋಶಗಳನ್ನು ಸ್ವಲ್ಪ ಕಾಲ 30 ಡಿಗ್ರಿಯಲ್ಲಿ ಬೆಳೆಸಿ ನೋಡಿ. ಜಿಂಕ್ ಫಿಂಗರ್ ನ್ಯೂಕ್ಲಿಯೇಸ್‌ಗಳಲ್ಲಿ ಇದರಿಂದ ಕೆಲಸ ಹೆಚ್ಚಾಗುವುದನ್ನು 2010ರಲ್ಲೇ ತೋರಿಸಿದ್ದಾರೆ.

ಕತ್ತರಿಸಿದ ಜಾಗವನ್ನು ಕೋಶ ಅವಸರದಲ್ಲಿ ಅಂಟಿಸುವಾಗ ಕೆಲವು ಅಕ್ಷರ ಬಿಟ್ಟುಹೋಗುತ್ತವೆ ಅಥವಾ ಸೇರುತ್ತವೆ. ನಾವು ಅಳೆಯುವುದು ಆ ಗಾಯದ ಗುರುತನ್ನು. ಹೊಂದಿಕೊಳ್ಳದ ಎಳೆಗಳನ್ನು ಕತ್ತರಿಸಿ ತೋರಿಸುವ ಟಿ7 ಎಂಡೊನ್ಯೂಕ್ಲಿಯೇಸ್ ಪರೀಕ್ಷೆ ಅಗ್ಗ, ಬೇಗ ಆಗುತ್ತದೆ. ಆದರೆ ಕೆಲವೇ ಶೇಕಡದಷ್ಟು ಬದಲಾವಣೆ ಅದರ ಕಣ್ಣಿಗೆ ಬೀಳುವುದಿಲ್ಲ. ಮೊದಲ ಜರಡಿಗೆ ಅದು, ಬರೆದು ಪ್ರಕಟಿಸುವ ಅಂಕಿಗೆ ಆಂಪ್ಲಿಕಾನ್ ಸೀಕ್ವೆನ್ಸಿಂಗ್ (ಆ ಜಾಗವನ್ನು ಪಿಸಿಆರ್ ಮಾಡಿ ಓದಿಸುವುದು).

ತಪ್ಪು ಜಾಗಗಳನ್ನು ಹುಡುಕುವಾಗ ಕಂಪ್ಯೂಟರ್ ಕೊಟ್ಟ ಪಟ್ಟಿಯೊಂದನ್ನೇ ನಂಬಬೇಡಿ. ನಿಜವಾಗಿ ಕತ್ತರಿಸಿದ ಕಡೆಗಳನ್ನು ಇಡೀ ಜೀನೋಮಿನಲ್ಲಿ ಹಿಡಿಯುವ ಗೈಡ್-ಸೀಕ್‌ನಂಥ ವಿಧಾನಗಳಿವೆ. ಅದರಲ್ಲಿ ಬಂದ ಜಾಗಗಳನ್ನು ಆಮೇಲೆ ಒಂದೊಂದಾಗಿ ಆಳವಾಗಿ ಸೀಕ್ವೆನ್ಸ್ ಮಾಡಿ. ಹುಡುಕುವಾಗ ಎಡ–ಬಲ ಮಾತ್ರವಲ್ಲ, ಎಡ–ಎಡ ಮತ್ತು ಬಲ–ಬಲ ಜೋಡಿಗಳನ್ನೂ ಸೇರಿಸಿ.

ಕೆಲಸ ಮಾಡದಿದ್ದರೆ

ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಡಿ. ಮೊದಲು ವೆಸ್ಟರ್ನ್ ಬ್ಲಾಟ್ ನೋಡಿ, ಎರಡೂ ಪ್ರೋಟೀನ್ ಇವೆಯಾ? ಇದ್ದರೆ ಜೆಲ್ ಶಿಫ್ಟ್ ಮಾಡಿ, ಎರಡೂ ತಮ್ಮ ಗುರುತನ್ನು ಹಿಡಿಯುತ್ತಿವೆಯಾ? ಹಿಡಿಯುತ್ತಿದ್ದರೆ ದಿಕ್ಕು ಮತ್ತು ಅಂತರದ ಮೇಲೆ ಅನುಮಾನ. ಗುರುತುಗಳ ನಡುವೆ ಬೇರೆ ಬೇರೆ ಅಂತರ ಇರುವ ಕೆಲವು ಪ್ಲಾಸ್ಮಿಡ್ ಮಾಡಿ, ಯಾವುದನ್ನು ಕತ್ತರಿಸುತ್ತದೆ ನೋಡಿ. ಟ್ಯೂಬಿನಲ್ಲಿ ಸರಿಯಿದ್ದು ಕೋಶದಲ್ಲಿ ಮಾತ್ರ ಸೋತರೆ ಪ್ರಶ್ನೆ ಇರುವುದು ಮಿಥೈಲ್ ಗುರುತು ಅಥವಾ ಕ್ರೋಮ್ಯಾಟಿನ್ (ಡಿಎನ್‌ಎ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುವ ಕಟ್ಟು) ಬಿಗಿಯಲ್ಲಿ. ಪ್ರೋಟೀನನ್ನು ಮತ್ತೆ ಮತ್ತೆ ತಿದ್ದುವುದಕ್ಕಿಂತ ನಾಲ್ಕನೇ ಹಂತದಲ್ಲಿ ಆರಿಸಿಟ್ಟ ಎರಡನೇ ಜಾಗಕ್ಕೆ ಹೋಗುವುದು ಆಗ ಬೇಗ ಫಲ ಕೊಡುತ್ತದೆ. ಒಂದೇ ಭಾಗ ಹಿಡಿಯುತ್ತಿಲ್ಲ ಎಂದಾದರೆ ಆ ಭಾಗವನ್ನಷ್ಟೇ ಒಂದೆರಡು ಆರ್‌ವಿಡಿ ಉದ್ದ ಮಾಡಿ ಮತ್ತೆ ಕಟ್ಟಿ. ಇನ್ನೊಂದು ಭಾಗ ಹಾಗೇ ಇರಲಿ.